ಮೇಣದ ಎರಡು ಬೆರಳು

ಎರಡು ಬೆರಳು ಮಾಡಲು ಗುಬ್ಬಿಗೆ ಒಂದು ಮಧ್ಯಾಹ್ನ ಸಾಕಾಯಿತು. ಆಮೇಲೆ ಅವಳನ್ನು ಹೆಚ್ಚು ಕಾಡಿದ್ದು ಅದೇ. ಒಂದು ಸಲವಾದರೂ ಕೈ ನಡುಗಬೇಕಿತ್ತು. ಮೇಣವಾದರೂ ಬಿರುಕು ಬಿಡಬೇಕಿತ್ತು. ಯಾವುದೂ ಆಗಲಿಲ್ಲ. ಬಿಸಿನೀರಿನಲ್ಲಿ ಮೇಣ ಮೆದುವಾಯಿತು. ಅಂಗೈ ನಡುವೆ ಹೊಸೆದಳು. ಕಾಯಿಸಿದ ಚಾಕುವಿನಿಂದ ಗೆಣ್ಣಿನ ಗೆರೆ ಎಳೆದಳು. ಉಗುರು ಕೂರಿಸಿದಳು. ಮೇಣದ ಪ್ರತಿಮೆಯ ಬಲಗೈಯಲ್ಲಿ ಬೆರಳು ತುಂಡಾಗಿದ್ದ ಎರಡು ಕಡೆ ಮೇಣ ಕರಗಿಸಿ, ಹೊಸದನ್ನು ಅಂಟಿಸಿ, ಬೆಸೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಬೆಸೆದದ್ದು ಎಲ್ಲಿ ಎಂದು ಅವಳಿಗೇ ಗೊತ್ತಾಗದ ಹಾಗೆ ಕೂತುಕೊಂಡಿತು.

ಅವಳು ಕೆಲಸ ಮಾಡುವ ಎರಕದ ಶೆಡ್ಡಿನ ಶಿಲ್ಪಿ ಮೇಷ್ಟ್ರು ಬಂದು ಕನ್ನಡಕ ಹಣೆಗೇರಿಸಿ ನೋಡಿದರು. "ಕೆಲಸ ಅಂದ್ರೆ ಇದು" ಎಂದರು.

ಗುಬ್ಬಿಗೆ ಖುಷಿಯಾಯಿತು. ಅದನ್ನೂ ಹೇಳಿಬಿಡಬೇಕು, ಮುಚ್ಚಿಡಬಾರದು. ಆ ಗಳಿಗೆಗೆ ಅವಳಿಗೆ ಖುಷಿಯೇ ಆಗಿತ್ತು.

ಆ ಕೈ ಅವಳ ದೊಡ್ಡಮ್ಮನದು. ತಾಯಿ ಸತ್ತ ಮೇಲೆ ಎಂಟು ವರ್ಷದವಳನ್ನು ಕರೆದುಕೊಂಡು ಹೋಗಿ, ಒಂದೇ ಕೋಣೆಯ ಮನೆಯಲ್ಲಿ ಬೆಳೆಸಿದ ಕೈ. ಅದರಲ್ಲಿ ಮೂರು ಬೆರಳು ಮಾತ್ರ ಪೂರ್ತಿ ಇದ್ದವು.

ಪಟ್ಟಣದ ನಡುವಿನ ಚೌಕದಲ್ಲಿ ಹೆಂಗಸರಿಗೊಂದು ಸ್ಮಾರಕ ಬರುವುದಿತ್ತು. ಅದುವರೆಗೆ ಅಲ್ಲಿ ನಿಂತಿದ್ದವರೆಲ್ಲ ಗಂಡಸರು. ಒಬ್ಬ ಕುದುರೆಯ ಮೇಲೆ, ಒಬ್ಬ ಕುರ್ಚಿಯ ಮೇಲೆ, ಇನ್ನೊಬ್ಬ ಸುಮ್ಮನೆ ಎಲ್ಲಿಗೋ ಬೆರಳು ತೋರಿಸುತ್ತ. ಈ ಊರಿನ ಚರಿತ್ರೆಯಲ್ಲಿ ಹೆಂಗಸರು ಇರಲೇ ಇಲ್ಲವೇ ಎಂದು ಕೇಳಿ, ಸಮಿತಿ ಕಟ್ಟಿ, ಆರು ವರ್ಷ ಕಚೇರಿಗಳ ಮೆಟ್ಟಿಲು ಸವೆಸಿ, ಕೊನೆಗೆ ಅನುಮತಿ ತಂದವರು ಅಧ್ಯಕ್ಷೆ. ಅವರ ಬಗ್ಗೆ ಗುಬ್ಬಿಗೆ ಗೌರವವಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಹಾಗಾಗಿಯೇ ಈ ಕಥೆ ಹೇಳುವುದು ಕಷ್ಟ.

ಐದು ಕಂಚಿನ ಪ್ರತಿಮೆಗಳು. ಊರಿನ ಮೊದಲ ಡಾಕ್ಟರಮ್ಮ, ಹೆಣ್ಣುಮಕ್ಕಳ ಶಾಲೆ ತೆರೆದವರು, ಪತ್ರಿಕೆ ನಡೆಸಿದವರು, ಗ್ರಂಥಾಲಯಕ್ಕೆ ತಮ್ಮ ಮನೆ ಬಿಟ್ಟುಕೊಟ್ಟವರು. ಈ ನಾಲ್ವರ ಫೋಟೋ ಇತ್ತು. ಫೋಟೋ ಗೋಡೆಗೆ ಅಂಟಿಸಿಕೊಂಡು ಮೇಷ್ಟ್ರು ಮುಖ ತಿದ್ದಿದರು. ಐದನೆಯದಕ್ಕೆ ಫೋಟೋ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಊರಿಗೆ ಊರೇ ಜ್ವರದಲ್ಲಿ ಮಲಗಿದಾಗ, ಆಸ್ಪತ್ರೆಯ ಲಾಂಡ್ರಿಯಲ್ಲಿ ರೋಗಿಗಳ ಹೊದಿಕೆ ಒಗೆದ ಹೆಂಗಸರ ನೆನಪಿಗೆ ಒಂದು ಪ್ರತಿಮೆ ಎಂದು ಸಮಿತಿ ತೀರ್ಮಾನಿಸಿತ್ತು. ಮಲ, ವಾಂತಿ, ರಕ್ತ ಒಗೆಯುವವರ ಫೋಟೋ ಯಾರು ತೆಗೆದಿರುತ್ತಾರೆ?

"ಆ ಪೈಕಿ ಯಾರಾದ್ರೂ ಸಿಗ್ತಾರೇನಮ್ಮ?" ಎಂದು ಮೇಷ್ಟ್ರು ಕೇಳಿದ್ದರು. "ಮೈ, ಕೈ ಅಚ್ಚು ತಗೋಬೇಕು."

"ನಮ್ಮ ದೊಡ್ಡಮ್ಮ ಇದಾರೆ ಸರ್."

ವಾರದ ರಜೆಯ ದಿನ ದೊಡ್ಡಮ್ಮ ಶೆಡ್ಡಿಗೆ ಬಂದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದಳು. ಸ್ಟೂಲಿನ ಮೇಲೆ ಕೂತು ಸುತ್ತ ನಿಂತಿದ್ದ ಅರ್ಧಂಬರ್ಧ ಪ್ರತಿಮೆಗಳನ್ನು ನೋಡಿದಳು. ತಲೆ ಇನ್ನೂ ಕೂರದ ಡಾಕ್ಟರಮ್ಮನನ್ನು ನೋಡಿ, "ಇವರಿಗೇನೇ ಕಾಯಿಲೆ?" ಎಂದಳು.

ಅವಳ ಮಾತು ಯಾವಾಗಲೂ ಜೋರು. ಲಾಂಡ್ರಿಯವರೆಲ್ಲ ಹಾಗೆಯೇ. ನೀರು ಹಿಂಡುವ ಡ್ರಮ್ಮು ಎಂಟೆಂಟು ಗಂಟೆ ಬಡಿಯುವ ಜಾಗದಲ್ಲಿ ಮೂವತ್ತು ವರ್ಷ ನಿಂತರೆ ಕಿವಿ ಮಂದವಾಗುತ್ತದೆ. ಮಂದವಾದ ಕಿವಿಗೆ ಕೇಳಿಸಲು ಬಾಯಿ ದೊಡ್ಡದಾಗುತ್ತದೆ. ಗುಬ್ಬಿಯೂ ಒಂದು ಕಾಲಕ್ಕೆ ಹಾಗೆಯೇ ಮಾತಾಡುತ್ತಿದ್ದಳು. ಅಚ್ಚು, ಎರಕ ಕಲಿಯಲು ಸಂಜೆ ತರಗತಿ ಸೇರಿದ ಮೊದಲ ವಾರ ಅಲ್ಲಿನ ಮಾಸ್ತರು, "ಅಮ್ಮ, ನಾವ್ಯಾರೂ ಕಿವುಡರಲ್ಲ" ಎಂದಿದ್ದರು. ತರಗತಿ ನಕ್ಕಿತ್ತು. ಆವತ್ತಿನಿಂದ ಅವಳು ದನಿ ತಗ್ಗಿಸಿದಳು. ಎಷ್ಟು ತಗ್ಗಿಸಿದಳೆಂದರೆ, ಮನೆಯಲ್ಲಿ ದೊಡ್ಡಮ್ಮ ಪ್ರತಿ ಮಾತಿಗೂ "ಆ?" ಎನ್ನಬೇಕಾಯಿತು.

ಅಚ್ಚಿಗೆ ಕೈ ಚಾಚು ಎಂದಾಗ ದೊಡ್ಡಮ್ಮ ಎಡಗೈ ಕೊಟ್ಟಳು.

"ಬಲಗೈ ದೊಡ್ಡಮ್ಮ."

"ಎಡಗೈ ತಗೊಳ್ಳೇ. ಅದರಲ್ಲಿ ಐದೂ ಇದಾವೆ."

"ಬೇಡ. ಬಲಗೈನೇ ಬೇಕು. ಇದು ಹೀಗೇ ಇರುತ್ತೆ, ಚೌಕದಲ್ಲಿ. ಊರೋರೆಲ್ಲ ನೋಡ್ಲಿ."

"ಆ?"

"ಹೀಗೇ ಇರುತ್ತೆ ಅಂದೆ!"

ದೊಡ್ಡಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಲಗೈ ಕೊಟ್ಟಳು. ತೋರುಬೆರಳು ಬುಡದಿಂದಲೇ ಇರಲಿಲ್ಲ. ನಡುಬೆರಳು ಎರಡನೇ ಗೆಣ್ಣಿನವರೆಗೆ ಇತ್ತು. ತುದಿಯ ಚರ್ಮ ಸುಟ್ಟು, ನೆರಿಗೆಗಟ್ಟಿ, ಗಂಟು ಹಾಕಿದ ಚೀಲದ ಬಾಯಿಯಂತೆ ಆಗಿತ್ತು. ಗುಬ್ಬಿ ಅದಕ್ಕೆ ಎಣ್ಣೆ ಸವರಿದಳು, ಪ್ಲಾಸ್ಟರ್ ಮೆತ್ತಿದಳು. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ದೊಡ್ಡಮ್ಮ ಒಮ್ಮೆ ಬೆಚ್ಚಿದಳು.

"ಸುಡ್ತಾ?"

"ಇಲ್ಲ. ಸ್ವಲ್ಪ ಬಿಸಿಯಾಯ್ತು ನೋಡು, ಏನೋ ನೆನಪಾಯ್ತು."

ಗುಬ್ಬಿ ಏನು ಎಂದು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಮೇಣದ ಪ್ರತಿಮೆ ಸಿದ್ಧವಾದ ಮೇಲೆ ಅಧ್ಯಕ್ಷೆ ನೋಡಲು ಬಂದರು. ಐದನೆಯ ಹೆಂಗಸಿನ ಎದುರು ಬಹಳ ಹೊತ್ತು ನಿಂತರು. ಅವಳು ಎಡ ತೋಳಿನ ಮೇಲೆ ಮಡಿಸಿದ ಬಟ್ಟೆಗಳನ್ನು ಹೊತ್ತು ಬಲಗೈ ಮುಂದೆ ಚಾಚಿ ನಿಂತಿದ್ದಳು.

"ಮುಖ ಅದ್ಭುತವಾಗಿದೆ. ಆದ್ರೆ ಈ ಬೆರಳು…" ಎಂದರು.

"ಆಕೆದು ಹಾಗೇ ಇರೋದು ಮೇಡಂ" ಎಂದರು ಮೇಷ್ಟ್ರು.

"ಅರ್ಥ ಆಗುತ್ತೆ. ಅಸಹ್ಯ ಅಂತ ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ಮಕ್ಕಳು ಬರ್ತಾರೆ, ನೋಡ್ತಾರೆ. ನೋಡಿದವರು ಅಯ್ಯೋ ಪಾಪ ಅಂತಾರೆ. ನಮ್ಮ ಹೆಂಗಸರಿಗೆ ಅಯ್ಯೋ ಪಾಪ ಸಾಕಾಗಿದೆ. ಹೆಮ್ಮೆ ಬೇಕು. ಅಲ್ಲದೆ ಈ ಪ್ರತಿಮೆ ಕೊಡಿಸ್ತಿರೋದು ಆಸ್ಪತ್ರೆಯವರು. ಬೆರಳು ಹೇಗೆ ಹೋಯ್ತು ಅಂತ ನಾಲ್ಕು ಜನ ಕೇಳಿದ್ರೆ ಅವರಿಗೆ ಮುಜುಗರ." ಗುಬ್ಬಿಯ ಕಡೆ ತಿರುಗಿ ಭುಜದ ಮೇಲೆ ಕೈ ಇಟ್ಟರು. "ಕೈ ಪೂರ್ತಿ ಮಾಡಿಬಿಡಮ್ಮ. ನಿನ್ನ ಕೈಲಿ ಆಗುತ್ತಲ್ವಾ?"

ಆ ಪ್ರಶ್ನೆಗೆ ಎರಡು ಉತ್ತರವಿತ್ತು. ಗುಬ್ಬಿ "ಆಗುತ್ತೆ ಮೇಡಂ" ಎಂದಳು. ತಗ್ಗಿದ ದನಿಯಲ್ಲಿ, ಸಂಜೆ ತರಗತಿಯಲ್ಲಿ ಕಲಿತ ದನಿಯಲ್ಲಿ.

ಬೆರಳು ಹೇಗೆ ಹೋಯಿತು ಎಂಬುದನ್ನು ಇಲ್ಲಿ ಹೇಳಬೇಕು.

ಲಾಂಡ್ರಿಯ ಕೊನೆಯ ಕೋಣೆಯಲ್ಲಿ ಇಸ್ತ್ರಿ ರೋಲರ್ ಇತ್ತು. ಎರಡಾಳುದ್ದದ ಎರಡು ಬಿಸಿ ಉರುಳೆ. ಒದ್ದೆ ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ಉರುಳೆಗಳ ನಡುವೆ ಕೊಡಬೇಕು. ಆ ಕಡೆಯಿಂದ ಒಣಗಿ ಬರುತ್ತದೆ. ಕೊಡುವ ಬಾಯಿಯ ಮುಂದೆ ಒಂದು ಕಂಬಿ ಇರುತ್ತದೆ. ಕೈ ತಾಗಿದರೆ ಉರುಳೆ ನಿಲ್ಲುತ್ತದೆ. ಜ್ವರದ ವರ್ಷ ಹೊದಿಕೆಗಳು ಗೋಡೆಯೆತ್ತರ ಬಿದ್ದವು. ಕಂಬಿ ಮುಟ್ಟಿದಾಗಲೆಲ್ಲ ರೋಲರ್ ನಿಂತು ಕೆಲಸ ತಡವಾಗುತ್ತಿದೆ ಎಂದು ಸೂಪರ್ವೈಸರ್ ಅದನ್ನು ಬಿಚ್ಚಿಸಿದ. ಬಿಚ್ಚಿದ ಕಂಬಿ ಬಾಗಿಲ ಹಿಂದೆ ಒರಗಿಕೊಂಡಿತ್ತು. ಹೆಂಗಸರು ಅದರ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದರು.

ಗುಬ್ಬಿಗೆ ಆಗ ಹತ್ತೊಂಬತ್ತು. ಅವಳೂ ಅಲ್ಲೇ ಕೆಲಸಕ್ಕಿದ್ದಳು. ಜ್ವರ ಇಳಿಯುತ್ತ ಬಂದು, ಮುಚ್ಚಿದ್ದ ಸಂಜೆ ತರಗತಿಗಳು ಮತ್ತೆ ತೆರೆದಿದ್ದವು. ಅಚ್ಚು ಮತ್ತು ಎರಕದ ಪರೀಕ್ಷೆ ಸಂಜೆ ಆರಕ್ಕೆ. ಅವಳ ಪಾಳಿ ಮಧ್ಯಾಹ್ನ ಎರಡರಿಂದ ಹತ್ತು.

"ಹೋಗು, ನಿನ್ನ ಪಾಳಿ ನಾನು ಮಾಡ್ತೀನಿ" ಎಂದಳು ದೊಡ್ಡಮ್ಮ. ಬೆಳಿಗ್ಗೆ ಆರರಿಂದ ಎರಡರವರೆಗೆ ತನ್ನದೇ ಪಾಳಿ ಮುಗಿಸಿ, ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು.

"ಸುಸ್ತಾಗಿದೀಯಾ ದೊಡ್ಡಮ್ಮ."

"ನಿಂತುಕೊಂಡೇ ನಿದ್ದೆ ಮಾಡೋದು ನನಗೆ ಬರುತ್ತೆ. ಕುದುರೆ ಜಾತಿ ನಾನು. ಹೋಗೇ, ತಲೆ ತಿನ್ಬೇಡ."

ಗುಬ್ಬಿ ಹೋದಳು. ಏಳೂವರೆಗೆ ಅವಳು ಪರೀಕ್ಷೆಯ ಮೇಜಿನ ಮೇಲೆ ಮೇಣದ ಒಂದು ಹಣ್ಣು ಮಾಡುತ್ತಿದ್ದಾಗ, ರೋಲರ್ ದೊಡ್ಡಮ್ಮನ ಕೈ ಎಳೆದುಕೊಂಡಿತು.

ಮೂರನೆಯ ದಿನ ಸೂಪರ್ವೈಸರ್ ವಾರ್ಡಿಗೆ ಬಂದ. ಕೈಯಲ್ಲಿ ಬಿಳಿ ಹಾಳೆ, ಪೆನ್ನು. ಗುಬ್ಬಿಯನ್ನು ಕಾರಿಡಾರಿಗೆ ಕರೆದ.

"ನಿನ್ನ ಅಕ್ಷರ ಚೆನ್ನಾಗಿದೆಯಂತೆ. ಬರಿ" ಎಂದ. ಅವನು ಹೇಳಿದ, ಅವಳು ಬರೆದಳು. *ನಾನು ಕೆಲಸದ ಕಡೆ ಗಮನವಿಡದೆ, ನನ್ನ ಸ್ವಂತ ಅಜಾಗರೂಕತೆಯಿಂದ* ಎಂಬಲ್ಲಿಗೆ ಪೆನ್ನು ನಿಂತಿತು.

"ಸರ್, ಕಂಬಿ ಇರಲಿಲ್ಲ."

"ಆವತ್ತು ಆ ಪಾಳಿ ಯಾರದು?"

ಅವಳು ಹಾಳೆಯನ್ನೇ ನೋಡಿದಳು.

"ಹೇಳಮ್ಮ. ಯಾರದು? ನಿಂದೇ ಅಲ್ವಾ? ಹೇಳದೆ ಕೇಳದೆ ಪಾಳಿ ಬದಲಾಯಿಸಿಕೊಂಡಿದ್ದು ಯಾರು? ಅದನ್ನೂ ಬರೆಯೋಣ್ವಾ? ಇಬ್ಬರೂ ಮನೆಗೆ ಹೋಗ್ತೀರಿ. ಬೇಡ ಅಂದ್ರೆ ಇಷ್ಟು ಬರಿ. ನಿನ್ನ ದೊಡ್ಡಮ್ಮನ್ನ ಮಡಿಸೋ ಟೇಬಲ್ಲಿಗೆ ಹಾಕ್ತೀನಿ. ಕೂತು ಮಾಡೋ ಕೆಲಸ."

ಅವಳು ಬರೆದಳು. ಅಕ್ಷರ ಚೆನ್ನಾಗಿಯೇ ಬಂತು. ಹಾಳೆ ತೆಗೆದುಕೊಂಡು ಹಾಸಿಗೆಯ ಹತ್ತಿರ ಹೋದಾಗ ದೊಡ್ಡಮ್ಮ ಔಷಧಿಯ ಮಂಪರಿನಲ್ಲಿದ್ದಳು. "ಏನು ಬರೆದಿದೀಯಾ?" ಎಂದು ಕೇಳಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಆದದ್ದನ್ನ ಬರೆದಿದೀನಿ ದೊಡ್ಡಮ್ಮ."

ದೊಡ್ಡಮ್ಮ ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆಟ್ಟನ್ನು ಒತ್ತಿದಳು.

ಇಷ್ಟೇ. ಆದರೆ ಇಷ್ಟೇ ಎಂದು ಹೇಳಿ ಮುಗಿಸುವಂಥದ್ದಲ್ಲ. ಹನ್ನೊಂದು ವರ್ಷ ದೊಡ್ಡಮ್ಮ ಮೂರು ಬೆರಳಲ್ಲಿ ಹೊದಿಕೆ ಮಡಿಸಿದಳು. ಕೂತು ಮಾಡುವ ಕೆಲಸವೂ ಆಗಿರಲಿಲ್ಲ. ಆ ಟೇಬಲ್ಲಿಗೆ ಸ್ಟೂಲ್ ಇರಲಿಲ್ಲ. ಗುಬ್ಬಿ ಪರೀಕ್ಷೆ ಪಾಸಾದಳು, ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಸೂಪರ್ವೈಸರ್ ಮೇಲೆ ಮೇಲೆ ಹತ್ತಿ ಆಸ್ಪತ್ರೆಯ ಆಡಳಿತಾಧಿಕಾರಿಯಾದ. ಅಚ್ಚಿಗೆ ಬಲಗೈಯೇ ಬೇಕು ಎಂದು ಹಟ ಹಿಡಿದಾಗ, ಗುಬ್ಬಿಯ ಮನಸ್ಸಿನಲ್ಲಿ ಇದ್ದದ್ದು ಆ ಹಾಳೆ. ಬಾಯಿಬಿಟ್ಟು ಹೇಳಲಾರದ್ದನ್ನು ಕಂಚು ಹೇಳಿಬಿಡಲಿ ಎಂದುಕೊಂಡಿದ್ದಳು. ಆಮೇಲೆ ಭುಜದ ಮೇಲೆ ಒಂದು ಮೆತ್ತನೆಯ ಕೈ ಬಿದ್ದ ಕೂಡಲೇ ಕಂಚಿನ ಬಾಯನ್ನೂ ಮುಚ್ಚಿದಳು.

ಎರಕ ಆಯಿತು, ಮೇಣ ಕರಗಿ ಹರಿದುಹೋದ ಜಾಗದಲ್ಲಿ ಕಂಚು ತುಂಬಿತು. ಮಣ್ಣಿನ ಕವಚ ಒಡೆದರು. ಕಂಚಿನ ಹೆಂಗಸು ಹೊರಗೆ ಬಂದಳು, ಐದು ಬೆರಳಿನವಳು. ಗುಬ್ಬಿ ಅರ ಹಿಡಿದು ಕೂತು ಹದಿನೈದು ದಿನ ಉಜ್ಜಿದಳು. ಆ ಹದಿನೈದು ದಿನ ದೊಡ್ಡಮ್ಮ ಎಷ್ಟು ಸಲ ಕೇಳಿದಳೋ. "ಮುಗೀತೇನೇ? ಹೇಗೆ ಬಂದಿದೆ?" "ಚೆನ್ನಾಗಿ ಬಂದಿದೆ" ಎನ್ನುತ್ತ ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅನಾವರಣದ ದಿನ ಕಂಡೇ ಕಾಣುತ್ತದೆ ಎಂದು ಗೊತ್ತಿತ್ತು. ಅದರಾಚೆಗೆ ಯೋಚನೆ ಹರಿಯುತ್ತಿರಲಿಲ್ಲ. ಆವತ್ತು ತನಗೆ ಜ್ವರವಾದರೂ ಬರಲಿ ಎಂದುಕೊಂಡಳು.

ಅನಾವರಣದ ಹಿಂದಿನ ದಿನ ಮೇಷ್ಟ್ರು ನಾಲ್ಕು ಪ್ರತಿಮೆಗಳ ಜೊತೆ ಲಾರಿಯಲ್ಲಿ ಚೌಕಕ್ಕೆ ಹೋಗಿದ್ದರು. ಐದನೆಯದನ್ನು ಮಧ್ಯಾಹ್ನ ಒಯ್ಯುವುದಿತ್ತು. ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು.

"ಏನೇ ಗುಬ್ಬಿ, ನನ್ನನ್ನ ನಾನೇ ನೋಡೋಕೆ ನಾಳೆವರೆಗೂ ಕಾಯಬೇಕಾ?"

ಗುಬ್ಬಿ ಎದ್ದು ಪ್ರತಿಮೆಗೆ ಅಡ್ಡ ನಿಂತಳು. ಆದರೆ ಮರದ ಪೀಠದ ಮೇಲಿದ್ದ ಅದು ಅವಳಿಗಿಂತ ಎರಡಡಿ ಎತ್ತರ. ಚಾಚಿದ ಕೈ ಅವಳ ತಲೆಯ ಮೇಲಿತ್ತು.

ದೊಡ್ಡಮ್ಮ ನಗುತ್ತ ಬಂದಳು. ಮುಖ ನೋಡಿದಳು. "ಅಯ್ಯಯ್ಯೋ, ಮೂಗು ಇಷ್ಟು ದಪ್ಪನಾ ನಂದು? ಯಾರೂ ಹೇಳೇ ಇಲ್ಲ" ಎಂದಳು. ಮಡಿಸಿದ ಬಟ್ಟೆ ಮುಟ್ಟಿ ನೋಡಿದಳು. "ಮಡಿಕೆ ಸರಿಯಾಗಿದೆ." ಆಮೇಲೆ ಕೈ ನೋಡಿದಳು. ಒಂದು, ಎರಡು ಎಂದು ಎಣಿಸುವವಳಂತೆ ನೋಡಿದಳು. ನಗು ನಿಂತಿತು.

"ಬೆರಳು ಮತ್ತೆ ಮೊಳೆತಿದೆಯಲ್ಲೇ" ಎಂದಳು. "ಹಲ್ಲಿ ಬಾಲದ ಹಾಗೆ."

"ಅಧ್ಯಕ್ಷೆ ಹೇಳಿದ್ರು ದೊಡ್ಡಮ್ಮ…"

"ಆ?"

"ಸಮಿತಿಯೋರು ಹಾಗೆ ಮಾಡಿ ಅಂದ್ರು!"

"ಅಂದವರು ಅವರು. ಮಾಡಿದವರು ಯಾರು?"

ಪ್ರತಿಮೆಗೆ ಅಡ್ಡ ನಿಂತಿದ್ದ ಗುಬ್ಬಿ ಪಕ್ಕಕ್ಕೆ ಸರಿದಳು.

"ಲಾಂಡ್ರಿಯೋರು ಹನ್ನೆರಡು ಜನ ರಜ ಹಾಕಿದಾರೆ ನಾಳೆ. ನನ್ನ ಕೈ ಇಟ್ಟಿದಾರಂತೆ, ಹಾಗೆಹಾಗೇ ಇಟ್ಟಿದಾರಂತೆ ಅಂತ ನಾನೇ ಡಂಗುರ ಹೊಡೆದೆ. ಈಗ ಏನು ಹೇಳ್ಲಿ? ಕಂಚಿನ ಎಣ್ಣೆ ಹಚ್ಚಿದೆ, ಬೆಳೀತು ಅಂತಾನಾ?" ಅವಳು ತನ್ನ ಬಲಗೈ ನೋಡಿಕೊಂಡಳು. "ಎಡಗೈ ತಗೋ ಅಂದೆ ನಾನು. ನೀನೇ ಬೇಡ ಅಂದೆ. ಮುಚ್ಚೋದೇ ಆಗಿದ್ರೆ ಯಾಕೆ ಬಿಚ್ಚಿಸಿದೆ?"

ಬಾಗಿಲ ಕಡೆ ಹೊರಟಳು. ಗುಬ್ಬಿ ಅವಳ ಬೆನ್ನು ನೋಡಿದಳು. ಗೋಡೆಗೆ ನೇತುಹಾಕಿದ್ದ ಲೋಹದ ಗರಗಸ ತೆಗೆದಳು. ಸ್ಟೂಲ್ ಎಳೆದು ಹತ್ತಿದಳು. ಕಂಚಿನ ತೋರುಬೆರಳಿನ ಮೇಲೆ ಅಲಗು ಇಟ್ಟು ಎಳೆದಳು.

ಆ ಸದ್ದು ದೊಡ್ಡಮ್ಮನ ಕಿವಿಗೂ ಕೇಳಿಸಿತು. ತಿರುಗಿ ನೋಡಿದಳು. ನಿಧಾನಕ್ಕೆ ವಾಪಸು ಬಂದು ನಿಂತಳು.

"ಅಲ್ಲಲ್ಲ. ಇನ್ನೂ ಕೆಳಗೆ. ಅದು ಬುಡದಿಂದ ಹೋಗಿದ್ದು."

ಗುಬ್ಬಿ ಅಲಗನ್ನು ಕೆಳಗೆ ಸರಿಸಿದಳು.

ಪ್ರತಿಮೆ ಒಳಗೆ ಟೊಳ್ಳು. ದೊಡ್ಡಮ್ಮನ ನಿಜವಾದ ಬೆರಳುಗಳೂ ಅದರಲ್ಲಿ ಟೊಳ್ಳಾಗಿಯೇ ಬಂದಿದ್ದವು. ಗುಬ್ಬಿ ಮೇಣ ಹೊಸೆದು ಅಂಟಿಸಿದ ಎರಡು ಮಾತ್ರ ಪೂರ್ತಿ ಗಟ್ಟಿ. ಗರಗಸ ಕಚ್ಚುತ್ತಿರಲಿಲ್ಲ. ಅಲಗು ಬಿಸಿಯಾಯಿತು, ಒಂದು ತುಂಡಾಯಿತು. ಇನ್ನೊಂದು ಹಾಕಿದಳು. ತೋಳು ಬಿದ್ದುಹೋಗುವಂತಾಯಿತು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ಹಳದಿ ಪುಡಿ ಕೆಳಗೆ ನಿಂತಿದ್ದ ದೊಡ್ಡಮ್ಮನ ತಲೆಯ ಮೇಲೆ ಉದುರುತ್ತಿತ್ತು. ಅವಳು ಸರಿಯಲಿಲ್ಲ.

ಅರ್ಧ ಕತ್ತರಿಸಿದಾಗ ದೊಡ್ಡಮ್ಮ ಕೇಳಿದಳು. "ಆವತ್ತು ಆ ಹಾಳೆಯಲ್ಲಿ ಏನು ಬರೆದಿದ್ದೆ?"

ಗರಗಸ ನಿಂತಿತು.

"ಆದದ್ದನ್ನ ಬರೆದಿದೀನಿ ಅಂದಿದ್ದೆ. ನಾನು ಯಾವತ್ತೂ ಕೇಳ್ಲಿಲ್ಲ. ಇವತ್ತು ಈ ಬೆರಳು ಅಂಟಿಸಿದ ಅಚ್ಚುಕಟ್ಟು ನೋಡಿ ಕೇಳ್ತಿದೀನಿ. ಏನು ಬರೆದಿದ್ದೆ?"

ಗುಬ್ಬಿ ಹೇಳಿದಳು. ದೊಡ್ಡಮ್ಮ "ಆ?" ಎಂದಳು. ಇನ್ನೊಮ್ಮೆ ಹೇಳಬೇಕಾಯಿತು. ಒಂದು ಸಲ ಹೇಳುವುದೇ ಸಾವು. ಅದನ್ನು ಎರಡು ಸಲ ಹೇಳಿದಳು. ನಿನ್ನ ಅಜಾಗರೂಕತೆ ಅಂತ ಬರೆದೆ. ಕಂಬಿ ಬಿಚ್ಚಿಸಿದ್ದನ್ನ ಬರೀಲಿಲ್ಲ. ಪಾಳಿ ನಂದು ಅನ್ನೋದನ್ನೂ ಬರೀಲಿಲ್ಲ.

ದೊಡ್ಡಮ್ಮ ತಲೆಯ ಮೇಲಿನ ಕಂಚಿನ ಪುಡಿಯನ್ನು ಮೂರು ಬೆರಳಲ್ಲಿ ಕೊಡವಿದಳು.

"ಹೆಬ್ಬೆಟ್ಟು ಹೇಗೆ ಉಳೀತು ಅಂತ ಆಗಾಗ ಅನ್ಕೊಳ್ತಿದ್ದೆ. ಅದಕ್ಕೇ ಉಳಿದಿದ್ದು" ಎಂದಳು.

"ದೊಡ್ಡಮ್ಮ, ನನ್ನನ್ನ ಬಯ್ಯಿ. ಹೊಡಿ."

"ಹೊಡೆದ್ರೆ ನಿನಗೆ ಹಗುರ ಆಗುತ್ತೆ. ನಾನ್ಯಾಕೆ ಹೊಡೀಲಿ? ಕತ್ತರಿಸು. ನಡುಬೆರಳು ಇನ್ನೂ ಇದೆ."

ಇಷ್ಟು ಹೇಳಿ ಹೊರಟುಹೋದಳು. ಗುಬ್ಬಿ ಒಬ್ಬಳೇ ಕತ್ತರಿಸಿದಳು.

ಎರಡನೆಯದು ಬೀಳುವ ಹೊತ್ತಿಗೆ ಮೇಷ್ಟ್ರು ಲಾರಿಯೊಡನೆ ಬಂದರು. ನೆಲದ ಮೇಲೆ ಬಿದ್ದಿದ್ದ ಬೆರಳುಗಳನ್ನು ನೋಡಿದರು.

"ನಿನಗೆ ತಲೆ ಕೆಟ್ಟಿದೆಯೇನಮ್ಮ? ನಾಳೆ ಹನ್ನೊಂದಕ್ಕೆ ಅತಿಥಿಗಳು ಬರ್ತಾರೆ!"

"ಕೆಟ್ಟಿದ್ದು ಮೊದಲೇ ಸರ್. ಈಗ ರಿಪೇರಿ ಮಾಡ್ತಿದೀನಿ."

"ಇನ್ನು ನಿನ್ನನ್ನ ಇಟ್ಕೊಳ್ಳೋಕೆ ಆಗಲ್ಲ. ಗೊತ್ತಲ್ವಾ?"

"ಗೊತ್ತು ಸರ್."

ಮೇಷ್ಟ್ರು ಕತ್ತರಿಸಿದ ಜಾಗ ನೋಡಿದರು. ಗರಗಸದ ಹಲ್ಲು ಮೂಡಿದ ಒರಟು ಗಾಯ. ಅವರ ಕೈ ತಾನಾಗಿಯೇ ಮೇಜಿನ ಮೇಲಿದ್ದ ಸಣ್ಣ ಅರಕ್ಕೆ ಹೋಯಿತು. ಅದನ್ನು ಅವಳ ಮುಂದೆ ಹಿಡಿದರು. "ಹೀಗೆ ಬಿಟ್ಟು ಹೋಗ್ಬೇಡ. ತುದಿ ಅಚ್ಚಿನಲ್ಲಿ ಹೇಗಿತ್ತೋ ಹಾಗೆ ಮಾಡಿಟ್ಟು ಹೋಗು. ಲಾರಿ ಮೂರಕ್ಕೆ ಹೊರಡುತ್ತೆ."

ಮೂರರವರೆಗೆ ಅವಳು ಆ ಸುಟ್ಟ ಚರ್ಮದ ನೆರಿಗೆಗಳನ್ನು ಒಂದೊಂದಾಗಿ ಕೊರೆದಳು.

ಆ ದಿನ ಸಂಜೆ ಮನೆಯಲ್ಲಿ ದೊಡ್ಡಮ್ಮ ಅವಳ ತಟ್ಟೆಗೆ ಊಟ ಹಾಕಿದಳು, ಮಾತಾಡಲಿಲ್ಲ. ಬೆಳಿಗ್ಗೆ ಚಹಾ ಕೊಟ್ಟಳು, ಆಗಲೂ ಮಾತಾಡಲಿಲ್ಲ. ಬೈಗುಳಕ್ಕಾಗಿ ಗುಬ್ಬಿ ಕಾದಳು. ಬರಲಿಲ್ಲ.

ಮಾರನೆಯ ದಿನ ಚೌಕದಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಒಳಗೆ ಕುರ್ಚಿಗಳು. ಹೊರಗೆ ಜನ. ಲಾಂಡ್ರಿಯ ಹನ್ನೆರಡು ಹೆಂಗಸರು ಎಲ್ಲರಿಗಿಂತ ಹಿಂದೆ, ಗೋಡೆಯ ನೆರಳಿನಲ್ಲಿ ನಿಂತಿದ್ದರು. ಸುಣ್ಣ, ಸೋಡಾ ತಿಂದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಕಟ್ಟಿಕೊಂಡಿದ್ದರು. "ಏನೂ ಕಾಣ್ತಿಲ್ವಲ್ಲೇ" ಎಂದು ಒಬ್ಬಳು ಪಿಸುಗುಟ್ಟಿದಳು. ಅವಳ ಪಿಸುಮಾತಿಗೆ ಮೂರು ಸಾಲು ಮುಂದಿದ್ದವರು ತಿರುಗಿ ನೋಡಿದರು. ದೊಡ್ಡಮ್ಮ ಹಗ್ಗದ ಹತ್ತಿರ ಇದ್ದಳು. ಗುಬ್ಬಿ ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆ. ಪಕ್ಕದಲ್ಲಿ ನಿಲ್ಲುವ ಧೈರ್ಯ ಬರಲಿಲ್ಲ.

ಪರದೆ ಎಳೆದರು. ಚಪ್ಪಾಳೆ ಬಿತ್ತು. ಐವರು ಹೆಂಗಸರು ಬಿಸಿಲಿನಲ್ಲಿ ಹೊಳೆದರು.

ಐದನೆಯವಳ ಬಲಗೈಯಲ್ಲಿ ಒಂದು ದೊಡ್ಡ ಹೂಗುಚ್ಛ ಇತ್ತು. ಅಗಲವಾದ ಬಿಳಿ ರಿಬ್ಬನ್ನಿನಿಂದ ಅಂಗೈಯಿಂದ ಬೆರಳ ತುದಿಯವರೆಗೂ ಸುತ್ತಿ ಕಟ್ಟಿದ್ದರು. ಅಚ್ಚುಕಟ್ಟಾಗಿತ್ತು. ಬೆರಳು ಎಷ್ಟಿವೆ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಆಸ್ಪತ್ರೆಯ ಆಡಳಿತಾಧಿಕಾರಿ ಮೈಕಿನ ಮುಂದೆ ಬಂದ. ಆಗಿನ ಸೂಪರ್ವೈಸರ್. ತಲೆ ನರೆತಿತ್ತು, ದನಿ ಅದೇ. "ಆ ಕಷ್ಟದ ವರ್ಷದಲ್ಲಿ ನಮ್ಮ ಸೋದರಿಯರು ಹಗಲಿರುಳೆನ್ನದೆ ದುಡಿದರು. ಅವರ ಕೈಗಳಿಗೆ ನಾವು ಋಣಿ" ಎಂದ.

ದೊಡ್ಡಮ್ಮ ಬಗ್ಗಿ ಹಗ್ಗ ದಾಟಿದಳು.

"ಏಯ್, ಯಾರಮ್ಮ ನೀನು? ಒಳಗೆ ಬರಂಗಿಲ್ಲ" ಎಂದು ಕಾವಲಿನವನು ಅಡ್ಡ ಬಂದ.

ಅವಳು ಬಲಗೈ ಎತ್ತಿ ಅವನ ಮುಖದ ಮುಂದೆ ಹಿಡಿದಳು. ಪ್ರತಿಮೆಯ ಮುಖ ತೋರಿಸಿದಳು. ಅವನು ಅದನ್ನು ನೋಡಿದ, ಇವಳನ್ನು ನೋಡಿದ, ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ದೊಡ್ಡಮ್ಮ ಕಲ್ಲಿನ ಕಟ್ಟೆ ಹತ್ತಿದಳು. ರಿಬ್ಬನ್ನಿನ ಗಂಟಿಗೆ ಕೈ ಹಾಕಿದಳು.

ಗಂಟು ಬಿಗಿಯಾಗಿತ್ತು. ಹೆಬ್ಬೆರಳು ಜಾರುತ್ತಿತ್ತು. ಹಿಡಿದು ಎಳೆಯಲು ತೋರುಬೆರಳು ಬೇಕು, ಅದು ಇಲ್ಲ. ಎಡಗೈಯಿಂದ ಪ್ರಯತ್ನಿಸಿದಳು. ಅಧ್ಯಕ್ಷೆ ಎದ್ದು ನಿಂತು, "ದಯವಿಟ್ಟು… ಆಮೇಲೆ ಮಾತಾಡೋಣಮ್ಮ" ಎಂದರು. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮ್ಮ ಅಷ್ಟು ಜನರ ಕಣ್ಣೆದುರು, ಮೂರು ಬೆರಳಲ್ಲಿ, ಒಂದು ರಿಬ್ಬನ್ನಿನೊಡನೆ ಗುದ್ದಾಡುತ್ತಿದ್ದಳು.

ಗುಬ್ಬಿ ಹಗ್ಗದ ಈಚೆಗೇ ನಿಂತಿದ್ದಳು. ಇವತ್ತೂ ನನ್ನ ಪಾಳಿ ಅವಳೇ ಮಾಡುತ್ತಿದ್ದಾಳೆ ಎಂದು ಅನ್ನಿಸಿತು. ಇವತ್ತೂ ನಾನು ಬೇರೆಲ್ಲೋ ಇದ್ದೇನೆ.

ಹಗ್ಗ ದಾಟಿದ್ದು ಅವಳಿಗೆ ನೆನಪಿಲ್ಲ. ಕಟ್ಟೆಯ ಮೇಲೆ ದೊಡ್ಡಮ್ಮನ ಪಕ್ಕ ನಿಂತಿದ್ದಳು.

ದೊಡ್ಡಮ್ಮ ಅವಳನ್ನು ನೋಡಲಿಲ್ಲ. "ಈ ಗಂಟು ಬಿಚ್ಚು, ನನ್ನ ಕೈಲಿ ಆಗ್ತಿಲ್ಲ" ಎಂದಳು.

ಗುಬ್ಬಿ ಬಿಚ್ಚಿದಳು. ಹೂಗಳು ಕೆಳಗೆ ಬಿದ್ದವು. ಕಂಚಿನ ಕೈ ಬರಿದಾಯಿತು. ದೊಡ್ಡಮ್ಮ ತನ್ನ ಕೈಯನ್ನು ಅದರ ಪಕ್ಕಕ್ಕೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಗುಸುಗುಸು ನಿಂತಿತು.

"ಈಗ ಹೇಳು."

"ಏನು ದೊಡ್ಡಮ್ಮ?"

"ನಿನ್ನೆ ಹೇಳಿದ್ದು."

ಮೊದಲ ಸಾಲಿನಲ್ಲಿ ಅಧ್ಯಕ್ಷೆ ಇದ್ದರು. ಅವರ ಪಕ್ಕದಲ್ಲಿ ಮೇಷ್ಟ್ರು, ನೆಲ ನೋಡುತ್ತ. ಮೈಕಿನ ಹತ್ತಿರ ಆ ಮನುಷ್ಯ. ಅವನು ಗುಬ್ಬಿಯನ್ನು ಗುರುತು ಹಿಡಿದಿದ್ದ. ಗುಬ್ಬಿ ಬಾಯಿ ತೆರೆದಳು. ಬಂದದ್ದು ಆ ಸಂಜೆ ತರಗತಿಯ ದನಿ. "ರೋಲರಿಗೆ ಕಂಬಿ ಇರಲಿಲ್ಲ…"

"ಜೋರಾಗಿ ಹೇಳೇ" ಎಂದಳು ದೊಡ್ಡಮ್ಮ. "ಹಿಂದೆ ನಮ್ಮೋರು ನಿಂತಿದಾರೆ. ಅವರಿಗೆ ಕಿವಿ ಕೇಳ್ಸಲ್ಲ."

ಗುಬ್ಬಿ ಕುರ್ಚಿಗಳ ತಲೆಯ ಮೇಲಿಂದ ಆ ಗೋಡೆಯ ನೆರಳನ್ನು ನೋಡಿದಳು. ಹನ್ನೆರಡು ಮುಖ. ಒಬ್ಬಳು ಕಿವಿಯ ಹಿಂದೆ ಅಂಗೈ ಹಿಡಿದಿದ್ದಳು. ಗುಬ್ಬಿ ಉಸಿರು ತುಂಬಿಕೊಂಡಳು. ಹನ್ನೊಂದು ವರ್ಷ ಒಳಗೆ ಮಡಿಸಿಟ್ಟಿದ್ದ ಆ ಹಳೆಯ ಗಂಟಲು ತೆರೆಯಿತು. ಡ್ರಮ್ಮಿನ ಬಡಿತದ ಮೇಲೂ ಕೇಳಿಸುವ ಗಂಟಲು.

"ರೋಲರಿಗೆ ಕಂಬಿ ಇರಲಿಲ್ಲ! ಬಿಚ್ಚಿಸಿದ್ದು ಇವರು! ಪಾಳಿ ನಂದು! ಇವಳ ತಪ್ಪು ಅಂತ ಬರೆದವಳು ನಾನು!"

ಚೌಕದ ಪಾರಿವಾಳಗಳು ಒಟ್ಟಿಗೆ ಎದ್ದವು. ಆಡಳಿತಾಧಿಕಾರಿ ಮೈಕಿನಿಂದ ಹಿಂದೆ ಸರಿದ. ಹಿಂದಿನ ಗೋಡೆಯ ಕಡೆಯಿಂದ ಲಾಂಡ್ರಿಯ ದನಿಯೊಂದು ಕೂಗಿತು.

"ಕೊನೇದು ಕೇಳಿಸ್ಲಿಲ್ಲ! ಇನ್ನೊಂದ್ಸಲ!"

ಗುಬ್ಬಿ ದೊಡ್ಡಮ್ಮನ ಮುಖ ನೋಡಿದಳು. ಅಲ್ಲಿ ಕ್ಷಮೆ ಇರಲಿಲ್ಲ. ಕಾಯುವಿಕೆ ಇತ್ತು.

"ಕೇಳಿಸ್ಲಿಲ್ವಂತೆ. ಹೇಳು" ಎಂದಳು ದೊಡ್ಡಮ್ಮ.

ಎರಡನೆಯ ಸಲ ಗುಬ್ಬಿ ತನ್ನ ತಪ್ಪಿನಿಂದಲೇ ಶುರುಮಾಡಿದಳು.